ಎರಡು ಶಿಲ್ಲಿಂಗ್ ಎಂಟು ಪೆನ್ನಿಯ ಓದು

ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಪುಸ್ತಕ ಹಿಡಿದು ನಿಂತ ಹುಡುಗ ನಾಲ್ಕು ಸಾಲು ಓದುತ್ತಾನೆ. ಅವನು ತಡವರಿಸಿದರೆ ಅವನಿಗೇನೂ ದೊಡ್ಡ ನಷ್ಟವಿಲ್ಲ. ಎದೆ ಹೊಡೆದುಕೊಳ್ಳುವುದು ಮೂಲೆಯಲ್ಲಿ ನಿಂತ ಮೇಷ್ಟರದು. ಹುಡುಗ ಓದಿನಲ್ಲಿ ನಪಾಸಾದರೆ ಶಾಲೆಗೆ ಸಲ್ಲಬೇಕಾದ ಸರ್ಕಾರಿ ಹಣದಲ್ಲಿ ಎರಡು ಶಿಲ್ಲಿಂಗ್ ಎಂಟು ಪೆನ್ನಿ ಖೋತಾ. 1860ರ ದಶಕದಲ್ಲಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಕಾಣುತ್ತಿದ್ದ ದೃಶ್ಯ ಇದು.

ಪರೀಕ್ಷೆಯ ಗುರಿಗಾಗಿಯೇ ಓದು ಕಲಿಸಬೇಕಾಗಿದೆ ಎಂಬ ಶಿಕ್ಷಕರ ಅಳಲು ಹೊಸದೇನಲ್ಲ. ಅದು ಕಾನೂನಿನ ರೂಪದಲ್ಲಿ ಬಂದದ್ದು 1862ರಲ್ಲಿ. ಶಿಕ್ಷಣ ಇಲಾಖೆಯ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಆ ವರ್ಷ 'ಪರಿಷ್ಕೃತ ಸಂಹಿತೆ'ಯನ್ನು ಜಾರಿಗೆ ತಂದ. ಶಾಲೆಗಳಿಗೆ ಸುರಿಯುವ ಹಣಕ್ಕೆ ತಕ್ಕ ಫಲ ಸಿಗುತ್ತಿದೆಯೇ ಎಂಬುದು ಅವನ ಪ್ರಶ್ನೆ. ಫಲ ಬಂದರೆ ಹಣ, ಇಲ್ಲವಾದರೆ ಬೊಕ್ಕಸಕ್ಕೆ ಉಳಿತಾಯ. ಎರಡರಲ್ಲಿ ಒಂದು ಲಾಭವಂತೂ ಖಂಡಿತ ಎಂಬುದು ಅವನ ವಾದ. ಪ್ರಶ್ನೆ ತಪ್ಪೆನ್ನುವಂತಿಲ್ಲ. ತಪ್ಪಿದ್ದು ಅಳತೆಗೋಲು.

ಅದರ ಲೆಕ್ಕ ಹೀಗಿತ್ತು. ಸರಾಸರಿ ಹಾಜರಾತಿಯ ಮೇಲೆ ತಲೆಗೆ ನಾಲ್ಕು ಶಿಲ್ಲಿಂಗ್. ಇನ್ನೂರಕ್ಕಿಂತ ಹೆಚ್ಚು ಹೊತ್ತು ಹಾಜರಿದ್ದ ಪ್ರತಿ ಮಗುವಿಗೆ ಇನ್ನೂ ಎಂಟು ಶಿಲ್ಲಿಂಗ್. ಆದರೆ ಓದು, ಬರಹ, ಲೆಕ್ಕ ಮೂರರಲ್ಲೂ ಅದು ತೇರ್ಗಡೆಯಾಗಬೇಕು. ಒಂದೊಂದರಲ್ಲಿ ಸೋತರೂ ಮೂರರಲ್ಲೊಂದು ಪಾಲು ಕಡಿತ. ಮೊದಲು ಅರ್ಹ ಶಿಕ್ಷಕರಿಗೆ ಸರ್ಕಾರವೇ ಸಂಬಳದ ಒಂದು ಭಾಗ ಕೊಡುತ್ತಿತ್ತು. ಈಗ ಹಣವೆಲ್ಲ ಶಾಲೆಯ ಆಡಳಿತದವರ ಕೈಗೆ; ಮೇಷ್ಟರು ಅವರೊಡನೆ ಚೌಕಾಶಿ ಮಾಡಬೇಕು. ಬರುವ ಅನುದಾನದಲ್ಲಿ ಇಂತಿಷ್ಟು ಪಾಲು ಎಂಬ ಒಪ್ಪಂದ ಹಲವೆಡೆ ಆಯಿತು. ಲೋನ ಲೆಕ್ಕಾಚಾರ ಸುಳ್ಳಾಗಲಿಲ್ಲ: 1861ರಲ್ಲಿ 8 ಲಕ್ಷ ಪೌಂಡಿಗೂ ಮೀರಿದ್ದ ಅನುದಾನ 1865ರ ಹೊತ್ತಿಗೆ ಆರೂವರೆ ಲಕ್ಷದೊಳಕ್ಕೆ ಇಳಿದಿತ್ತು.

ಇನ್ನು ಓದಿನ ಕಥೆ. ಸಂಹಿತೆಯಲ್ಲಿ ಆರು ದರ್ಜೆಗಳಿದ್ದವು. ಒಂದನೆಯದಕ್ಕೆ ಒಂದೇ ಉಚ್ಚಾರಾಂಶದ ಪದಗಳ ಸರಳ ಕಥನ. ಆರನೆಯದಕ್ಕೆ ಪತ್ರಿಕೆಯ ಒಂದು ಸಾಮಾನ್ಯ ಪ್ಯಾರಾ. ನಡುವಿನ ದರ್ಜೆಗಳಲ್ಲೆಲ್ಲ ಒಂದು ಪುಟ್ಟ ಷರತ್ತು ಅಡಗಿತ್ತು: ಓದಿಸಬೇಕಾದ ಭಾಗ 'ಆ ಶಾಲೆಯಲ್ಲಿ ಬಳಸುವ' ಪುಸ್ತಕದ್ದೇ ಆಗಿರಬೇಕು. ಮೇಷ್ಟರಿಗೆ ಇಷ್ಟೇ ಸಾಕಾಯಿತು. ವರ್ಷಕ್ಕೆ ಒಂದೇ ಪುಸ್ತಕ, ಅದೂ ಆದಷ್ಟು ತೆಳುವಾದದ್ದು. ಅದನ್ನೇ ಬೆಳಗ್ಗೆ ಸಂಜೆ ಉರು ಹೊಡೆಸಿದರೆ ಪರೀಕ್ಷೆಯ ದಿನಕ್ಕೆ ತರಗತಿಗೆ ತರಗತಿಯೇ ಗಿಳಿಪಾಠ ಒಪ್ಪಿಸುತ್ತಿತ್ತು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದೂ ನಿರರ್ಗಳವಾಗಿ 'ಓದುವ' ಮಕ್ಕಳಿದ್ದಾರೆಂಬ ಮಾತು ಆ ಕಾಲದಲ್ಲಿ ಪ್ರಚಲಿತವಾಗಿತ್ತು. ಜ್ವರ ಬಂದ ಮಗುವನ್ನೂ ಕಂಬಳಿ ಸುತ್ತಿ ಪರೀಕ್ಷೆಗೆ ಕರೆತಂದರೆಂಬ ಕಥೆಗಳೂ ಇವೆ. ಹಣ ತಾರದ ಚರಿತ್ರೆ, ಭೂಗೋಳಗಳು ಅನೇಕ ಶಾಲೆಗಳಲ್ಲಿ ಮೂಲೆಗೆ ಸರಿದವು.

ಇದನ್ನು ಒಳಗಿನಿಂದಲೇ ಕಂಡು ನುಡಿದವನು ಕವಿ, ವಿಮರ್ಶಕ ಮ್ಯಾಥ್ಯೂ ಆರ್ನಾಲ್ಡ್. ಹೊಟ್ಟೆಪಾಡಿಗೆ ಅವನು 1851ರಿಂದ 1886ರವರೆಗೆ ಶಾಲಾ ಇನ್ಸ್‌ಪೆಕ್ಟರ್. ಸಂಹಿತೆ ಜಾರಿಗೆ ಬರುವ ಮೊದಲೇ, 1862ರಲ್ಲಿ, ತನ್ನ ಇಲಾಖೆಯ ಧೋರಣೆಯನ್ನು ಖಂಡಿಸಿ ಲೇಖನ ಬರೆದ. ಸರ್ಕಾರಿ ನೌಕರನಿಗೆ ಅದು ಸಣ್ಣ ಧೈರ್ಯವಲ್ಲ. ಮುಂದೆ ತನ್ನ ವರದಿಗಳಲ್ಲೂ ಅದನ್ನೇ ಹೇಳಿದ: ಓದು ನಿಜವಾಗಿ ಬಾರದ ಮಕ್ಕಳನ್ನೂ ಪರೀಕ್ಷೆ ದಾಟಿಸುವ ಉಪಾಯ ಶಿಕ್ಷಕರಿಗೆ ಸಿದ್ಧಿಸುತ್ತದೆ, ಏಕೆಂದರೆ ಇಲಾಖೆಯೇ ಅವರನ್ನು ಅಂಥ ಯಾಂತ್ರಿಕ ಆಟಕ್ಕೆ ಇಳಿಸಿದೆ. ಅವನು ಮೇಷ್ಟರನ್ನು ವಂಚಕರೆನ್ನಲಿಲ್ಲ ಎಂಬುದು ಗಮನಾರ್ಹ. 1870ರಲ್ಲಿ ಹುಟ್ಟಿದ ಪ್ರಾಥಮಿಕ ಶಿಕ್ಷಕರ ರಾಷ್ಟ್ರೀಯ ಸಂಘದ ಮುಖ್ಯ ಬೇಡಿಕೆಗಳಲ್ಲೂ ಈ ಪದ್ಧತಿಯ ರದ್ದತಿ ಒಂದು. ಸಂಬಳದ ಸಿಟ್ಟು ಅದರಲ್ಲಿತ್ತು, ನಿಜ. ತಾನು ಕಲಿಸುತ್ತಿರುವುದು ಓದಲ್ಲ ಎಂದು ಗೊತ್ತಿದ್ದೂ ದಿನವಿಡೀ ಅದನ್ನೇ ಮಾಡಬೇಕಾದವನ ಸಂಕಟವೂ ಇತ್ತು.

ಈ ಪದ್ಧತಿ ಹಡಗು ಹತ್ತಿ ಭಾರತಕ್ಕೂ ಬಂತು. ಮದರಾಸು ಪ್ರಾಂತ 1860ರ ದಶಕದಲ್ಲೇ ಅನುದಾನಕ್ಕೆ ಫಲಿತಾಂಶದ ತಕ್ಕಡಿ ಕಟ್ಟಿತು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಆ ಪ್ರಾಂತದ ಜಿಲ್ಲೆಗಳು. 1882ರ ಹಂಟರ್ ಆಯೋಗವೂ ಪ್ರಾಥಮಿಕ ಶಾಲೆಗಳ ಮಟ್ಟಿಗೆ ಇದನ್ನು ಎತ್ತಿಹಿಡಿಯಿತು. ಕೈಬಿಡುವ ತೀರ್ಮಾನಕ್ಕೆ ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯದವರೆಗೆ ಕಾಯಬೇಕಾಯಿತು. 'ಇನ್ಸ್‌ಪೆಕ್ಟರ್ ಬರ್ತಾರೆ' ಎಂದೊಡನೆ ಶಾಲೆಗೆ ಸುಣ್ಣ ಬಳಿದು, ಚುರುಕಾದ ಹುಡುಗರನ್ನು ಮುಂದಿನ ಸಾಲಿಗೆ ಕೂರಿಸುವ ಅಭ್ಯಾಸಕ್ಕೆ ಅಷ್ಟು ಬೇಗ ಸಾವು ಬರಲಿಲ್ಲವೆನ್ನಿ. ಅಂದಹಾಗೆ, ಕವಿಯಾಗಿದ್ದ ಇನ್ಸ್‌ಪೆಕ್ಟರ್ ಕನ್ನಡನಾಡಿನಲ್ಲೂ ಇದ್ದರು: ಪಂಜೆ ಮಂಗೇಶರಾಯರು. ಮಕ್ಕಳು ತಾವಾಗಿ ಓದಲು ಬಯಸುವ ಕಥೆ, ಪದ್ಯಗಳನ್ನು ಬರೆದವರಲ್ಲಿ ಅವರದು ಮೊದಲ ಸಾಲಿನ ಹೆಸರು.

ಇಂಗ್ಲೆಂಡಿನಲ್ಲಿ 1890ರ ದಶಕದಲ್ಲಿ ಈ ವ್ಯವಸ್ಥೆ ಹಂತ ಹಂತವಾಗಿ ಕಳಚಿಬಿತ್ತು. ರೂಢಿ ಮಾತ್ರ ಉಳಿಯಿತು. ದಶಕಗಳ ಕಾಲ ಇನ್ಸ್‌ಪೆಕ್ಟರ್ ಆಗಿದ್ದ ಎಡ್ಮಂಡ್ ಹೋಮ್ಸ್ ನಿವೃತ್ತನಾಗಿ 1911ರಲ್ಲಿ ಬರೆದ ಪುಸ್ತಕದಲ್ಲಿ, ಮೂರು ದಶಕ ಹೇಳಿದಂತೆ ಕೇಳಿದ ಶಿಕ್ಷಕರಿಗೆ ಸ್ವಾತಂತ್ರ್ಯ ಸಿಕ್ಕಾಗ ಅದನ್ನು ಬಳಸುವ ಬಗೆಯೇ ತಿಳಿಯದೆ ಹೋಯಿತೆಂದು ಮರುಗಿದ. ಆ ತಪ್ಪಿನಲ್ಲಿ ತನ್ನ ಪಾಲೂ ಇದೆಯೆಂದು ಒಪ್ಪಿಕೊಂಡ.

ಸಂಹಿತೆಗೆ ಸರಿಯಾಗಿ 150 ವರ್ಷ ತುಂಬಿದಾಗ, 2012ರಲ್ಲಿ, ಅದೇ ಇಂಗ್ಲೆಂಡಿನಲ್ಲಿ ಆರು ವರ್ಷದ ಮಕ್ಕಳಿಗೆ ಧ್ವನಿ ಆಧಾರಿತ ಓದಿನ ಪರೀಕ್ಷೆ ಕಡ್ಡಾಯವಾಯಿತು. ಅಕ್ಷರಗಳ ಧ್ವನಿ ಕೂಡಿಸಿ ಓದಬೇಕಾದ 40 ಪದಗಳು. ಅವುಗಳಲ್ಲಿ 20ಕ್ಕೆ ಅರ್ಥವೇ ಇಲ್ಲ. ಬಾಯಿಪಾಠದ ದಾರಿ ಮುಚ್ಚಲು ಇದು ಒಳ್ಳೆಯ ಉಪಾಯವೇ. ಕಾಗುಣಿತ ಬಲ್ಲ ಕನ್ನಡದ ಮಗು ಇಂಥ ಪದವನ್ನು ಸಲೀಸಾಗಿ ಓದೀತು. ಬರೆದದ್ದೊಂದು, ಉಚ್ಚರಿಸುವುದೊಂದು ಆಗಿರುವ ಇಂಗ್ಲಿಷಿನಲ್ಲಿ ಅದು ಅಷ್ಟು ಸುಲಭವಲ್ಲ. ಮೊದಲ ವರ್ಷದ ಪಟ್ಟಿಯಲ್ಲಿ 'ಸ್ಟ್ರಾಮ್' ಎಂಬ ಅರ್ಥಹೀನ ಪದವಿತ್ತು. ಅರ್ಥ ಹುಡುಕಿ ಓದುವ ಮಗು ಅದನ್ನು 'ಸ್ಟಾರ್ಮ್', ಅಂದರೆ ಬಿರುಗಾಳಿ, ಎಂದು ಓದಿದರೆ ಅಂಕ ಇಲ್ಲ. ಚೆನ್ನಾಗಿ ಓದಬಲ್ಲ ಮಕ್ಕಳೇ ಹೀಗೆ ಎಡವುತ್ತಾರೆಂದು ಶಿಕ್ಷಕರು ದೂರಿದರು. ಅವರ ಸಂಘಗಳು ಪರೀಕ್ಷೆಯನ್ನು ವಿರೋಧಿಸಿದವು. ಪರೀಕ್ಷೆ ನಿಲ್ಲಲಿಲ್ಲ. ಮೊದಲ ವರ್ಷ 32 ಅಂಕ ಬಂದರೆ ಪಾಸು. ಬಾರದ ಮಗು ಮರುವರ್ಷ ಮತ್ತೆ ಕೂರಬೇಕು. ಅದಕ್ಕೆಂದೇ ಈಗ ತರಗತಿಗಳಲ್ಲಿ ಅರ್ಥವಿಲ್ಲದ ಪದಗಳ ಅಭ್ಯಾಸವೂ ನಡೆಯುತ್ತದೆ.