ಕಾಶಿಯದಲ್ಲದ ಕಾಶಿ ಕಣಗಿಲೆ

ಪಕ್ಕದ ಬೀದಿಯ ರಾಯರು ವಾಕಿಂಗ್ ಮುಗಿಸಿ ಬರುವಾಗ ಕಾಂಪೌಂಡ್ ಸಂದಿಯ ಗಿಡದಿಂದ ಐದು ಎಲೆ ಕಿತ್ತು, ಪಂಚೆಗೆ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಮುಖ ಕಿವುಚುವಷ್ಟು ಕಹಿ. "ಶುಗರಿಗೆ ರಾಮಬಾಣ. ಕ್ಯಾನ್ಸರೂ ಹತ್ತಿರ ಸುಳಿಯಲ್ಲ. ನಮ್ಮ ಋಷಿಗಳು ಸುಮ್ಮನೆ ಹೇಳಿದಾರೇನ್ರೀ?"

ಗಿಡ ಕಾಶಿ ಕಣಗಿಲೆ. ನಿತ್ಯಪುಷ್ಪ ಅಂತಲೂ ಕರೆಯುತ್ತೇವೆ. ರಾಯರ ಮೂರೂ ಮಾತು ತಪ್ಪು.

ಋಷಿಗಳ ವಿಚಾರ ಬೇಗ ಮುಗಿಯುತ್ತದೆ. ಇದರ ತವರು ಮಡಗಾಸ್ಕರ್ ದ್ವೀಪ. ಯುರೋಪಿನವರ ಹಡಗುಗಳ ಕಾಲದಲ್ಲಿ ಊರೂರು ಸುತ್ತಿದ ಗಿಡವನ್ನು ಚರಕ, ಸುಶ್ರುತರು ನೋಡಿರಲು ಸಾಧ್ಯವಿಲ್ಲ. ಕಾಶಿ ಬರೀ ಹೆಸರಿಗೆ. ಕಣಗಿಲೆಯ ಬಳಗದ್ದೆನ್ನುವುದು ಮಾತ್ರ ನಿಜ: ತೊಟ್ಟು ಮುರಿದರೆ ಅದೇ ಬಿಳಿ ಹಾಲು.

ಸಕ್ಕರೆ ಕಾಯಿಲೆಯ ನಂಬಿಕೆ ನಮ್ಮದೊಂದೇ ಅಲ್ಲ. ಜಮೈಕಾದ ಜನರೂ ಇದರ ಎಲೆ ಕುದಿಸಿ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಒಂದು ಲಕೋಟೆಯಲ್ಲಿ ಈ ಎಲೆಗಳು ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಕೈಸೇರಿದವು. ಅವರು ಅದನ್ನು ತಮ್ಮ ಸೋದರ, ಸಂಶೋಧಕ ರಾಬರ್ಟ್ ನೋಬಲ್‌ಗೆ ದಾಟಿಸಿದರು. ಇಲಿಗಳಿಗೆ ಕಷಾಯ ಕುಡಿಸಿದ್ದಾಯಿತು, ಸಕ್ಕರೆ ಇಳಿಯಲಿಲ್ಲ. ಸಾರವನ್ನು ಸೂಜಿಯಲ್ಲಿ ಚುಚ್ಚಿದಾಗ ಇಲಿಗಳೇ ಸೋಂಕು ತಗುಲಿ ಸತ್ತವು. ಸೋಂಕಿನ ವಿರುದ್ಧ ಹೋರಾಡಬೇಕಾದ ರಕ್ತದ ಬಿಳಿ ಕಣಗಳು ಕುಸಿದುಹೋಗಿದ್ದವು.

ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಆದರೆ ಬಿಳಿ ಕಣ ಮಿತಿಮೀರುವುದೇ ರಕ್ತದ ಕ್ಯಾನ್ಸರಲ್ಲವೇ? ನೋಬಲ್ ಮತ್ತು ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಆ ಜಾಡು ಹಿಡಿದು 1958ರ ಹೊತ್ತಿಗೆ ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ಮದ್ದನ್ನು ಬೇರ್ಪಡಿಸಿದರು. ಬೆನ್ನಲ್ಲೇ ವಿನ್‌ಕ್ರಿಸ್ಟಿನ್ ಬಂತು. ಕೋಶ ಎರಡಾಗಿ ಒಡೆಯುವುದನ್ನೇ ಇವು ತಡೆಯುತ್ತವೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ವಿನ್‌ಕ್ರಿಸ್ಟಿನ್ ಕೊಡುತ್ತಾರೆ.

ಅಂದಮೇಲೆ ಎಲೆ ತಿಂದರೂ ಗುಣ ಇರಬೇಕಲ್ಲ ಎನ್ನುವುದು ರಾಯರ ಲೆಕ್ಕ. ಆ ಲೆಕ್ಕ ಕೂಡುವುದಿಲ್ಲ. ಒಂದು ಗ್ರಾಂ ಮದ್ದಿಗೆ ನೂರಾರು ಕಿಲೋ ಒಣ ಎಲೆ ಬೇಕು. ವಿನ್‌ಕ್ರಿಸ್ಟಿನ್ನನ್ನು ದೊಡ್ಡವರಿಗೂ ಸಾಮಾನ್ಯವಾಗಿ ಒಂದು ಸಲಕ್ಕೆ 2 ಮಿಲಿಗ್ರಾಂ ಮೀರದಂತೆ, ಅದೂ ರಕ್ತನಾಳಕ್ಕೇ ಕೊಡುತ್ತಾರೆ. ಹೆಚ್ಚಾದರೆ ನರಗಳಿಗೆ ಪೆಟ್ಟು. ಗಿಡದಲ್ಲೋ, ಇಂಥ ನೂರಕ್ಕೂ ಹೆಚ್ಚು ಸಸ್ಯಕ್ಷಾರಗಳು (ಆಲ್ಕಲಾಯ್ಡ್) ಅಳತೆಯಿಲ್ಲದೆ ಬೆರೆತಿವೆ. ಬೀದಿಯ ದನಗಳು ಈ ಗಿಡವನ್ನು ಮೂಸಿ ಮುಂದೆ ಹೋಗುವುದು ಸುಮ್ಮನಲ್ಲ.

ರಾಯರಿಗೆ ಇಲಿಗಳ ಕತೆ ಹೇಳಿದೆ. "ನಾನೇನು ಚುಚ್ಚಿಸ್ಕೋತಿದೀನಾ?" ಎಂದು ಅಗಿಯುತ್ತಲೇ ನಡೆದರು. ಮರುದಿನ ಎಣಿಸಿದೆ, ನಾಲ್ಕೇ ಎಲೆ.