ನಿತ್ಯಪುಷ್ಪ: ಕುಂಡದಲ್ಲಿ ಹೂವು, ಆಸ್ಪತ್ರೆಯಲ್ಲಿ ಔಷಧ

ಊರಿನ ಅಂಗಳ, ಹಿತ್ತಲುಗಳನ್ನು ತೊರೆದು ಮಹಾನಗರದ ಎರಡು ಕೋಣೆಗಳ ಮನೆಯಲ್ಲಿ ನೆಲೆಸಿದವರಿಗೆ ಪೂಜೆಗೆ ನಾಲ್ಕು ಹೂವು ದೊರಕುವುದೂ ದುರ್ಲಭ. ಬಾಲ್ಕನಿಯ ಒಂದೇ ಕುಂಡದಲ್ಲಿ ಈ ಕೊರತೆಯನ್ನು ನೀಗಬಲ್ಲ ಗಿಡ ನಿತ್ಯಪುಷ್ಪ. ಕನ್ನಡ ನಾಡಿನಲ್ಲಿ ಕಾಶಿಕಣಗಲೆಯೆಂದೂ ಹೆಸರಾದ ಇದು ಮುಂಬಯಿ, ಪುಣೆಗಳಲ್ಲಿ ಸದಾಫುಲಿ, ಚೆನ್ನೈಯಲ್ಲಿ ನಿತ್ಯಕಲ್ಯಾಣಿ, ಹೈದರಾಬಾದಿನಲ್ಲಿ ಬಿಳ್ಳಗನ್ನೇರು, ದಿಲ್ಲಿಯಲ್ಲಿ ಸದಾಬಹಾರ್. ವಿಶೇಷವೆಂದರೆ ಇದೂ ವಲಸೆ ಬಂದದ್ದೇ; ಇದರ ತವರು ಮಡಗಾಸ್ಕರ್ ದ್ವೀಪ.

ಈ ಗಿಡಕ್ಕೆ ಬೇಕಾದುದು ಬಿಸಿಲು. ಬೇಡವಾದುದು ನಿಂತ ನೀರು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಸ್ಥಳವನ್ನು ಆರಿಸಬೇಕು. ತಳದಲ್ಲಿ ರಂಧ್ರವಿರುವ ಎಂಟು-ಹತ್ತು ಅಂಗುಲದ ಕುಂಡಕ್ಕೆ ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರಗಳ ಮಿಶ್ರಣವನ್ನು ತುಂಬಬೇಕು. ಬೀಜ ಮೊಳೆಯಲು ಕತ್ತಲೆ ಅಗತ್ಯವಾದ್ದರಿಂದ ಅದನ್ನು ತೆಳುವಾಗಿ ಮಣ್ಣಿನಿಂದ ಮುಚ್ಚಬೇಕು. ಎಳೆಯ ಕುಡಿಯ ತುಂಡಿನಿಂದಲೂ ಗಿಡ ಮಾಡಬಹುದು. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಅತಿಯಾಗಿ ಎರೆದರೆ ಬೇರು ಕೊಳೆಯುತ್ತದೆ. ಅತಿಯಾಗಿ ಗೊಬ್ಬರವಿಟ್ಟರೆ ಎಲೆ ಹೆಚ್ಚಿ ಹೂ ಕಡಿಮೆಯಾಗುತ್ತದೆ. ಕುಡಿಗಳನ್ನು ಆಗಾಗ ಚಿವುಟಿದರೆ ಗಿಡ ಪೊದೆಯಾಗುತ್ತದೆ. ಮುಂಬಯಿಯ ಜಡಿಮಳೆಯಲ್ಲಿ ಕುಂಡವನ್ನು ಸೂರಿನಡಿ ಸರಿಸಬೇಕು. ದಿಲ್ಲಿಯ ಚಳಿಯಲ್ಲಿ ಹಿಮದಿಂದ ಕಾಪಾಡಬೇಕು.

ಈ ಸಾಮಾನ್ಯ ಗಿಡ ವೈದ್ಯಶಾಸ್ತ್ರಕ್ಕೆ ನೀಡಿದ ಕೊಡುಗೆ ಅಸಾಮಾನ್ಯ. ಜಮೈಕಾದಲ್ಲಿ ಮಧುಮೇಹಕ್ಕೆ ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ ಅದನ್ನು ಪರೀಕ್ಷಿಸಿದಾಗ ಪ್ರಾಣಿಗಳ ರಕ್ತದ ಸಕ್ಕರೆ ಇಳಿಯಲಿಲ್ಲ. ಬಿಳಿಯ ರಕ್ತಕಣಗಳು ಇಳಿದವು. ಈ ಸುಳಿವನ್ನು ಹಿಡಿದು ಅವರೂ ಚಾರ್ಲ್ಸ್ ಬಿಯರ್ ಅವರೂ 1958ರಲ್ಲಿ ವಿನ್‌ಬ್ಲಾಸ್ಟಿನ್ ಅನ್ನು ಬೆಳಕಿಗೆ ತಂದರು. ಇದೇ ಗಿಡದಿಂದ ದೊರೆತ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಇತರ ಔಷಧಗಳ ಜೊತೆಗೂಡಿ ಅದು ರಕ್ತದ ಕ್ಯಾನ್ಸರಿನಿಂದ ಅಸಂಖ್ಯ ಮಕ್ಕಳನ್ನು ಇಂದಿಗೂ ಬದುಕಿಸುತ್ತಿದೆ. ಒಂದು ಗ್ರಾಂ ಔಷಧಕ್ಕೆ ನೂರಾರು ಕಿಲೋ ಒಣ ಎಲೆ ಬೇಕು.

ಹಾಗೆಂದು ಮನೆಯ ಗಿಡವೇ ಔಷಧಾಲಯವಲ್ಲ. ಸಕ್ಕರೆ ಕಾಯಿಲೆಗೆ ಮುಂಜಾನೆ ನಾಲ್ಕು ಎಲೆ ಅಗಿಯುವ ರೂಢಿ ಇನ್ನೂ ಅನೇಕರಲ್ಲಿದೆ. ಎಲೆಯಲ್ಲಿರುವ ತೀಕ್ಷ್ಣ ಆಲ್ಕಲಾಯ್ಡ್‌ಗಳ ಪ್ರಮಾಣ ಎಲೆಯಿಂದ ಎಲೆಗೆ ಬದಲಾಗುತ್ತದೆ. ಅವು ಬಿಳಿಯ ರಕ್ತಕಣ, ನರಗಳಿಗೆ ಹಾನಿ ಮಾಡಬಲ್ಲವು. ಗರ್ಭಿಣಿಯರಂತೂ ಸೇವಿಸಲೇಬಾರದು, ಪುಟ್ಟ ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಬೇಕು. ಎಲೆಯನ್ನು ನಂಬಿ ವೈದ್ಯರ ಮಾತ್ರೆಯನ್ನು ಬಿಡುವುದು ಇನ್ನೂ ದೊಡ್ಡ ಅಪಾಯ.

ಹೂವು ದೇವರಿಗಿರಲಿ, ಅದರ ಚೆಲುವು ಕಣ್ಣಿಗಿರಲಿ. ಔಷಧದ ಮಾತು ವೈದ್ಯರಿಗಿರಲಿ.