ಮೂರು ಬಾಟಲಿಯ ಬಾರ್ ಟ್ರಾಲಿ: ಒಂದು ಮನೆಯ ಲೆಕ್ಕಪತ್ರ

ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಒಬ್ಬರು ಇಟ್ಟುಕೊಳ್ಳಬಹುದಾದ ಭಾರತೀಯ ಮದ್ಯದ ಮಿತಿ 2.3 ಲೀಟರ್. ಒಂದು ಫುಲ್ ಬಾಟಲಿ 750 ಎಂ.ಎಲ್. ಮೂರು ಫುಲ್ ಸೇರಿದರೆ 2.25 ಲೀಟರ್, ಉಳಿಯುವುದು 50 ಎಂ.ಎಲ್. ಮಾತ್ರ. ಬಿಯರಿಗೆ ಮಿತಿ 18.2 ಲೀಟರ್, ಅಂದರೆ 650 ಎಂ.ಎಲ್.ನ ಸರಿಯಾಗಿ 28 ಬಾಟಲಿ. ವೈನಿಗೂ ಹೊರದೇಶದ ಮದ್ಯಕ್ಕೂ ಬೇರೆ ಮಿತಿಗಳಿವೆ. ಈಗ ಒಳಾಂಗಣ ಅಲಂಕಾರದ ಪತ್ರಿಕೆಗಳಲ್ಲಿ ಬರುವ ಬಾರ್ ಟ್ರಾಲಿಯ ಚಿತ್ರ ನೆನಪಿಸಿಕೊಳ್ಳಿ. ಹಿತ್ತಾಳೆ ಬಣ್ಣದ ಚೌಕಟ್ಟು, ಗಾಜಿನ ಎರಡು ತಟ್ಟು, ಮೇಲೆ ಹತ್ತು ಹನ್ನೆರಡು ಬಾಟಲಿಗಳ ಸಾಲು. ಹನ್ನೆರಡು ಫುಲ್ ಎಂದರೆ 9 ಲೀಟರ್. ಅವೆಲ್ಲ ಇಲ್ಲಿನ ಮದ್ಯವೇ ಆಗಿದ್ದರೆ ಮಿತಿಯ ಹತ್ತಿರಹತ್ತಿರ ನಾಲ್ಕು ಪಟ್ಟು.

ದೆಹಲಿಯಲ್ಲಿ ಮಿತಿ ದೊಡ್ಡದು: ವಿಸ್ಕಿ, ರಮ್, ಜಿನ್, ವೋಡ್ಕಾ ಸೇರಿ 9 ಲೀಟರ್, ಬಿಯರ್ ಮತ್ತು ವೈನ್ ಸೇರಿ 18 ಲೀಟರ್. ಅಲ್ಲಿನ ಒಂದು ಮನೆಯಲ್ಲಿ 132 ಬಾಟಲಿ ಸಿಕ್ಕಿದ್ದಕ್ಕೆ ದಾಖಲಾದ ಮೊಕದ್ದಮೆಯನ್ನು ದೆಹಲಿ ಹೈಕೋರ್ಟ್ 2022ರಲ್ಲಿ ರದ್ದುಮಾಡಿತು. 25 ದಾಟಿದ ಆರು ಜನ ಆ ಮನೆಯಲ್ಲಿದ್ದರು. ತಲೆಗೆ 9ರಂತೆ 54 ಲೀಟರ್ ಆಗುತ್ತದೆ, ಸಿಕ್ಕ ಸ್ಪಿರಿಟ್ 51.8 ಲೀಟರ್. ಹೀಗೆ ಲೀಟರ್ ಎಣಿಸಿ ಪಾರಾಗುವ ಪ್ರಮೇಯ ಯಾವ ಮನೆಗೂ ಬೇಡ. ಅದಕ್ಕಿಂತ ಮುಖ್ಯವಾದ ಮಾತು, ಮನೆಗೆ ಬರುವ ಎಂಟು ಹತ್ತು ಜನರನ್ನು ಚೆನ್ನಾಗಿ ನೋಡಿಕೊಳ್ಳಲು ಮೂರು ಬಾಟಲಿಯೇ ಬೇಕಾದಷ್ಟು. ಉಳಿದ ದುಡ್ಡು, ಜಾಗ, ಗಮನ ಎಲ್ಲವೂ ಗ್ಲಾಸು, ಐಸು, ನಿಂಬೆಹಣ್ಣು, ಸೋಡಾಗಳಿಗೆ ಹೋಗಬೇಕು. ಟ್ರಾಲಿಯ ಅಂದ ಇರುವುದೂ ಅಲ್ಲೇ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಪೆಗ್ಗಿನ ಲೆಕ್ಕ. ಸ್ಮಾಲ್ 30 ಎಂ.ಎಲ್., ಲಾರ್ಜ್ 60. ಒಂದು ಫುಲ್‌ನಲ್ಲಿ 25 ಸ್ಮಾಲ್, ಮೂರರಲ್ಲಿ 75. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಿಸ್ಕಿ, ರಮ್, ಜಿನ್‌ಗಳ ತೀಕ್ಷ್ಣತೆ ಶೇ 42.8. ಹಾಗಾಗಿ 30 ಎಂ.ಎಲ್.ನಲ್ಲಿ 12.84 ಎಂ.ಎಲ್. ಶುದ್ಧ ಆಲ್ಕೋಹಾಲ್, ಅದರ ಸಾಂದ್ರತೆ 0.789, ತೂಕ ಸುಮಾರು 10 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಒಂದು ಪ್ರಮಾಣ ಎಂದು ಲೆಕ್ಕ ಹಿಡಿಯುವುದೂ ಈ 10 ಗ್ರಾಂ ಅನ್ನೇ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ಅದೇ ಸಂಸ್ಥೆ 2023ರಲ್ಲಿ ಹೇಳಿದೆ. ಶೇ 8ರ ಸ್ಟ್ರಾಂಗ್ ಬಿಯರಿನ 650 ಎಂ.ಎಲ್. ಬಾಟಲಿಯಲ್ಲಿ ಇರುವುದು ಸುಮಾರು 41 ಗ್ರಾಂ, ನಾಲ್ಕು ಸ್ಮಾಲ್‌ಗೆ ಸಮ. "ನಂಗೆ ಬರೀ ಬಿಯರ್ ಸಾಕು" ಅನ್ನುವ ನೆಂಟರಿಗೆ ಈ ಅಂಕಿ ಗೊತ್ತಿದ್ದರೆ ಒಳ್ಳೆಯದು.

ಬೆಂಗಳೂರಿನದೇ ಒಂದು ಬಾಟಲಿ ಇರಲಿ ಅನ್ನುವವರಿಗೆ 1948ರಲ್ಲಿ ಶುರುವಾದ ಅಮೃತ್ ಡಿಸ್ಟಿಲರೀಸ್ ಇದೆ. ಅದರ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ನಮ್ಮ ಹವೆಗೆ ಪೀಪಾಯಿಯಿಂದ ವರ್ಷಕ್ಕೆ ಶೇ 10ಕ್ಕೂ ಹೆಚ್ಚು ಆವಿಯಾಗಿ ಹೋಗುತ್ತದೆ, ಸ್ಕಾಟ್ಲೆಂಡಿನಲ್ಲಿ ಹೋಗುವುದು ಶೇ 2ರಷ್ಟು. ಅಲ್ಲಿ ಹತ್ತು ಹನ್ನೆರಡು ವರ್ಷ ಕಾಯುವ ಮಾಲ್ಟ್ ಇಲ್ಲಿ ನಾಲ್ಕೈದು ವರ್ಷಕ್ಕೇ ಹದಕ್ಕೆ ಬರುತ್ತದೆ. ಅಮೃತ್ ಫ್ಯೂಷನ್ ಶೇ 50ರದು. ಅದರ 30 ಎಂ.ಎಲ್.ನಲ್ಲಿ ಸುಮಾರು 12 ಗ್ರಾಂ ಆಲ್ಕೋಹಾಲ್ ಇರುತ್ತದೆ, ಅಳತೆ ಅದೇ ಆದರೂ. ನಾನಾದರೆ ಒಂದು ವಿಸ್ಕಿ, ಒಂದು ಜಿನ್, ಒಂದು ರಮ್ ಇಡುತ್ತೇನೆ. ವರ್ಮುತ್ ಆಸೆಪಟ್ಟು ತಂದರೆ ಅದು ನಿಲ್ಲಬೇಕಾದದ್ದು ಟ್ರಾಲಿಯ ಮೇಲಲ್ಲ, ಫ್ರಿಜ್ಜಿನಲ್ಲಿ. ಅದು ವೈನ್‌ನಿಂದಲೇ ಮಾಡಿದ್ದು. ಬಿರಡೆ ತೆಗೆದ ಒಂದೆರಡು ತಿಂಗಳಲ್ಲಿ ರುಚಿ ಇಳಿಯುತ್ತದೆ.

ಒಂದು ಸಂಜೆಯ ಬೇಡಿಕೆ ನೋಡೋಣ. ಎಂಟು ಅತಿಥಿಗಳು, ಮೂರು ಗಂಟೆ. ಎಂಟರಲ್ಲಿ ಐವರು ಕುಡಿಯುವವರು ಎಂದಿಟ್ಟುಕೊಂಡರೂ ಅದು ಧಾರಾಳದ ಲೆಕ್ಕ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಮದ್ಯ ಕುಡಿಯುವವರು ಶೇ 18.8, ಹೆಂಗಸರಲ್ಲಿ ಶೇ 1.3. ಐವರಿಗೆ ತಲಾ ಮೂರು ಗ್ಲಾಸ್, ಗ್ಲಾಸಿಗೆ 30 ಎಂ.ಎಲ್.: ಒಟ್ಟು 450 ಎಂ.ಎಲ್. ಒಂದು ಬಾಟಲಿಯ ಶೇ 60 ಮಾತ್ರ! ಅಳತೆ ಇಲ್ಲದೆ ಕೈಯಂದಾಜಿಗೆ ಸುರಿದರೆ 30 ಸುಲಭವಾಗಿ 45 ಆಗುತ್ತದೆ. ಆಗ 675 ಎಂ.ಎಲ್. ಬೇಕು, ಪ್ರತಿಯೊಬ್ಬರ ಹೊಟ್ಟೆ ಸೇರುವುದು ಮೂರರ ಬದಲು ನಾಲ್ಕೂವರೆ ಪೆಗ್. ಮೂರು ಬಾಟಲಿಗೆ ಒಟ್ಟು ₹6,000 ಕೊಟ್ಟಿದ್ದರೆ ಒಂದು ಸ್ಮಾಲ್ ಬೀಳುವುದು ₹80ಕ್ಕೆ. ಹೆಚ್ಚುವರಿ 225 ಎಂ.ಎಲ್.ನ ಬೆಲೆ ₹600. ಒಂದು ಕಡೆ 30, ಇನ್ನೊಂದು ಕಡೆ 60 ಅಳೆಯುವ ಸ್ಟೀಲ್ ಜಿಗ್ಗರ್‌ಗೆ ಅಷ್ಟು ಬೆಲೆಯಿಲ್ಲ. ಟ್ರಾಲಿಯ ಮೇಲೆ ಎಲ್ಲರಿಗೂ ಕಾಣುವಂತೆ ಇರಬೇಕಾದ ಮೊದಲ ಸಾಮಾನು ಅದು.

ಇನ್ನು ಟಾನಿಕ್. ಒಂದಕ್ಕೆ ನಾಲ್ಕರಂತೆ ಬೆರೆಸಿದರೆ ಗ್ಲಾಸಿಗೆ 120 ಎಂ.ಎಲ್. ಹದಿನೈದು ಗ್ಲಾಸೂ ಜಿನ್ ಟಾನಿಕ್ ಎಂದೇ ಹಿಡಿದರೆ 1.8 ಲೀಟರ್, ಅಂದರೆ 300 ಎಂ.ಎಲ್.ನ ಆರು ಕ್ಯಾನ್. ಕ್ಯಾನಿಗೆ ₹60ರಂತೆ ₹360. ಇಲ್ಲಿ ತೆರಿಗೆಯ ಒಂದು ವಿಚಿತ್ರ ಇದೆ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗೆ, ಅದರ ಮೇಲಿನ ಸುಂಕ ರಾಜ್ಯದ್ದು. ಆದರೆ ಸಕ್ಕರೆ ಬೆರೆಸಿದ ಗ್ಯಾಸಿನ ಪಾನೀಯಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 40; ಸಕ್ಕರೆಯೂ ಪರಿಮಳವೂ ಇಲ್ಲದ ಬರೀ ಸೋಡಾಕ್ಕೆ ಶೇ 5. ₹60ರ ಟಾನಿಕ್ ಕ್ಯಾನಿನಲ್ಲಿ ₹17 ತೆರಿಗೆ, ₹20ರ ಸೋಡಾದಲ್ಲಿ ಒಂದು ರೂಪಾಯಿಗೂ ಕಡಿಮೆ. ಮನೆಯಲ್ಲೇ ಸಕ್ಕರೆ ಪಾಕ ಮಾಡಿಕೊಂಡು ಸೋಡಾಕ್ಕೆ ಬೆರೆಸುವವರಿಗೆ ಉಳಿತಾಯ ಖಂಡಿತ. 200 ಗ್ರಾಂ ಸಕ್ಕರೆ, 200 ಗ್ರಾಂ ನೀರು ಬಿಸಿಮಾಡಿ ಕರಗಿಸಿದರೆ ಸುಮಾರು 325 ಎಂ.ಎಲ್. ಪಾಕ. ಗ್ಲಾಸಿಗೆ 15 ಎಂ.ಎಲ್.ನಂತೆ 21 ಗ್ಲಾಸಿಗೆ ಬರುತ್ತದೆ, ಫ್ರಿಜ್ಜಿನಲ್ಲಿ ಎರಡು ವಾರ ಕೆಡುವುದಿಲ್ಲ. ನಿಂಬೆಹಣ್ಣು ನಮ್ಮದು ಚಿಕ್ಕದು, ಒಂದರಿಂದ 12–15 ಎಂ.ಎಲ್. ರಸ. ವಿದೇಶಿ ಪುಸ್ತಕದಲ್ಲಿ "ಒಂದು ನಿಂಬೆ" ಎಂದು ಬರೆದಿದ್ದರೆ ನಾವು ಎರಡು ಹಿಂಡಬೇಕು.

ಐಸ್ ವಿಷಯದಲ್ಲಿ ಬಹುತೇಕ ಮನೆಗಳು ಎಡವುತ್ತವೆ. ಎತ್ತರದ ಗ್ಲಾಸ್ ತುಂಬಲು 150 ಗ್ರಾಂ ಐಸ್ ಬೇಕು. ಕುಡಿಯುವವರ 15 ಗ್ಲಾಸ್, ಕುಡಿಯದ ಮೂವರ 9 ಗ್ಲಾಸ್, ಒಟ್ಟು 24, ಐಸ್ 3.6 ಕೆ.ಜಿ. ಫ್ರಿಜ್ಜಿನ ಒಂದು ಟ್ರೇಯಲ್ಲಿ 20 ಗ್ರಾಂನ 14 ಗಡ್ಡೆ, ಅಂದರೆ 280 ಗ್ರಾಂ. ಹದಿಮೂರು ಟ್ರೇ ಬೇಕಾಯಿತು. ಎರಡು ಟ್ರೇಯನ್ನು ದಿನಕ್ಕೆ ಮೂರು ಸಲ ಬಿಡಿಸಿ ಚೀಲದಲ್ಲಿ ಕೂಡಿಟ್ಟರೂ ಎರಡು ದಿನಕ್ಕೆ 3.36 ಕೆ.ಜಿ. ಗುರುವಾರ ಬೆಳಿಗ್ಗೆ ಶುರುಮಾಡಿದರೆ ಶನಿವಾರ ಸಂಜೆಗೆ ಸಾಕಾಗುತ್ತದೆ. ಇಲ್ಲವಾದರೆ 5 ಕೆ.ಜಿ.ಯ ಚೀಲ ಕೊಳ್ಳಬೇಕು.

ಐಸ್ ಉಳಿಸುವ ಉಪಾಯ ಇನ್ನೊಂದಿದೆ. 28 ಡಿಗ್ರಿಯಲ್ಲಿರುವ 150 ಎಂ.ಎಲ್. ಪಾನೀಯವನ್ನು 4 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 3,600 ಕ್ಯಾಲರಿ. ಒಂದು ಗ್ರಾಂ ಐಸ್ ಕರಗುವಾಗ ಹೀರುವುದು 80 ಕ್ಯಾಲರಿ. ಅಂದರೆ 45 ಗ್ರಾಂ ಐಸ್ ನೀರಾಗಿ ಗ್ಲಾಸಿಗೇ ಸೇರಿತು, ರುಚಿ ತೆಳುವಾಯಿತು. ಟಾನಿಕನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು 5 ಡಿಗ್ರಿಗೆ ತಂದಿದ್ದರೆ ತಣಿಸಬೇಕಾದದ್ದು ಜಿನ್ ಮಾತ್ರ; ಕರಗುವುದು 10 ಗ್ರಾಂ ಆಸುಪಾಸು. ಹಾಗಾಗಿ ಕ್ಯಾನ್‌ಗಳನ್ನು ಟ್ರಾಲಿಯ ಮೇಲೆ ಅಂದಕ್ಕೆ ಜೋಡಿಸಿಡುವುದನ್ನು ನಾನು ಒಪ್ಪುವುದಿಲ್ಲ. ಎರಡು ಕಾಣಲಿ, ಉಳಿದವು ಫ್ರಿಜ್ಜಿನಲ್ಲಿರಲಿ.

ಈಗ ಟ್ರಾಲಿ. ಮೇಲಿನ ತಟ್ಟು 75 ಸೆಂ.ಮೀ. ಉದ್ದ, 40 ಅಗಲ ಇದ್ದರೆ 3,000 ಚದರ ಸೆಂ.ಮೀ. ಜಾಗ. ಎಂಟು ಸೆಂ.ಮೀ. ಅಗಲದ ಮೂರು ಬಾಟಲಿ ಹಿಡಿಯುವುದು 192 ಚದರ ಸೆಂ.ಮೀ., ಶೇ 6.4. ಎಂಟು ಎತ್ತರದ ಗ್ಲಾಸಿಗೆ 392, ಐಸ್ ಬಕೆಟ್ಟಿಗೆ 324, ನೀರಿನ ಹೂಜಿಗೆ 225, ಜಿಗ್ಗರ್, ಇಕ್ಕಳ, ಉದ್ದ ಚಮಚ ಇಡುವ ಸಣ್ಣ ಟ್ರೇಗೆ 375, ಶರಬತ್ತಿನ ಎರಡು ಬಾಟಲಿಗೆ 128. ಎಲ್ಲ ಸೇರಿ 1,636, ಶೇ 55. ಉಳಿದ ಶೇ 45 ಖಾಲಿ ಇರಲೇಬೇಕು, ಏಕೆಂದರೆ ಗ್ಲಾಸ್ ಇಟ್ಟು ಸುರಿಯುವ ಕೈಗೂ ಜಾಗ ಬೇಕು. ಗಿಡ್ಡ ಗ್ಲಾಸುಗಳು ಕೆಳಗಿನ ತಟ್ಟಿಗೆ ಹೋಗಲಿ. ಬಾಟಲಿಯ ಎತ್ತರ 30 ಸೆಂ.ಮೀ. ಆಸುಪಾಸು, ಎರಡು ತಟ್ಟುಗಳ ನಡುವೆ 35 ಬಿಟ್ಟರೆ ಕತ್ತು ತಾಗದೆ ಹೊರಬರುತ್ತದೆ. ಮೇಲಿನ ತಟ್ಟು ನೆಲದಿಂದ 80–85 ಸೆಂ.ಮೀ. ಇರಲಿ, ಅಡುಗೆಮನೆಯ ಕಟ್ಟೆಯಷ್ಟು. ಅದಕ್ಕಿಂತ ತಗ್ಗಾದರೆ ಬೆಳೆದವರು ಬಗ್ಗಿ ಸುರಿಯಬೇಕಾಗುತ್ತದೆ.

ತೂಕವನ್ನು ಯಾರೂ ಕೇಳುವುದಿಲ್ಲ. ತುಂಬಿದ ಬಾಟಲಿ ಒಂದೂಕಾಲು ಕೆ.ಜಿ., ಮೂರಕ್ಕೆ 3.75. ಹದಿನಾರು ಗ್ಲಾಸ್ 4 ಕೆ.ಜಿ., ಸೋಡಾ ಮತ್ತು ಶರಬತ್ತು 4, ಐಸ್ ತುಂಬಿದ ಬಕೆಟ್ 3, ನೀರಿನ ಹೂಜಿ 2.75. ಸಾಮಾನಿನ ತೂಕವೇ 17.5 ಕೆ.ಜಿ.; ಟ್ರಾಲಿಯದು ಸೇರಿದರೆ 30ಕ್ಕೆ ಹತ್ತಿರ. ಬಾಲ್ಕನಿಯ ಸ್ಲೈಡಿಂಗ್ ಬಾಗಿಲಿನ ಹಳಿ ದಾಟುವಾಗ ಈ 30 ಕೆ.ಜಿ. ಒಮ್ಮೆಗೇ ಎರಡು ಗಾಲಿಯ ಮೇಲೆ ಬೀಳುತ್ತದೆ. ಆದ್ದರಿಂದ ಮೂರು ಇಂಚಿನ ರಬ್ಬರ್ ಗಾಲಿ, ಎರಡಕ್ಕಾದರೂ ಬ್ರೇಕ್, ತಳ್ಳುವಾಗ ಭಾರವೆಲ್ಲ ಕೆಳಗಿನ ತಟ್ಟಿನಲ್ಲಿ. ಮಂಗಳೂರು, ಉಡುಪಿ, ಕಾರವಾರದ ಮನೆಗಳಲ್ಲಿ ಕಬ್ಬಿಣದ ಚೌಕಟ್ಟಿಗೆ ಎರಡು ಮಳೆಗಾಲದಲ್ಲೇ ತುಕ್ಕು ಕಾಣುತ್ತದೆ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಸಾಗುವಾನಿಗೇ ದುಡ್ಡು ಹಾಕಬೇಕು.

ಬಜೆಟ್ ₹20,000 ಎಂದರೆ ನಾನು ಹಂಚುವುದು ಹೀಗೆ: ಟ್ರಾಲಿ ₹8,000, ಗ್ಲಾಸ್ ಹದಿನಾರು ₹2,400, ಜಿಗ್ಗರ್, ಶೇಕರ್, ಸೋಸುಕ, ಚಮಚ, ನಿಂಬೆ ಹಿಂಡುವುದು ಸೇರಿ ₹1,600, ಐಸ್ ಬಕೆಟ್ ಮತ್ತು ಇಕ್ಕಳ ₹1,200, ಟ್ರೇ ಹಾಗೂ ಒರೆಸುವ ಬಟ್ಟೆ ₹800, ಮೂರು ಬಾಟಲಿಗೆ ₹6,000. ಮದ್ಯದ ಪಾಲು ಶೇ 30 ಮಾತ್ರ. ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ಮಾಡಿಸಿ ಪೌಡರ್ ಕೋಟಿಂಗ್ ಕೊಡಿಸಿದರೆ ಟ್ರಾಲಿಯ ಬಾಬ್ತಿನಲ್ಲಿ ಇನ್ನೂ ಉಳಿಯುತ್ತದೆ. ಆ ಹಣ ಒಳ್ಳೆಯ ಗ್ಲಾಸಿಗೆ ಹೋಗಲಿ. 30 ಮತ್ತು 120 ಎಂ.ಎಲ್. ಪಾನೀಯ, 150 ಗ್ರಾಂ ಐಸ್ ಸೇರಿ 315 ಎಂ.ಎಲ್. ಜಾಗ ಬೇಡುತ್ತದೆ. 350 ಎಂ.ಎಲ್.ನ ಗ್ಲಾಸ್ ಕೊಳ್ಳಿ, 250ರದು ಚೆಲ್ಲುತ್ತದೆ.

ಚಿತ್ರಗಳಲ್ಲಿ ಬಾಟಲಿಗಳ ನಡುವೆ ಉರಿಯುವ ಮೇಣದಬತ್ತಿ ಇಟ್ಟಿರುತ್ತಾರೆ. ದಯವಿಟ್ಟು ಇಡಬೇಡಿ. ಶೇ 40ರ ಮದ್ಯದ ಆವಿ ಬೆಂಕಿ ಹಿಡಿಯಲು 26 ಡಿಗ್ರಿ ಸೆಲ್ಸಿಯಸ್ ಸಾಕು. ಬೇಸಿಗೆಯಲ್ಲಿ ನಮ್ಮ ನಡುಮನೆ ಅದಕ್ಕಿಂತ ಬಿಸಿಯಾಗಿರುತ್ತದೆ, ಚೆಲ್ಲಿದ ಒಂದು ಪೆಗ್ ಸಾಕು. ಬೆಳಕು ಬೇಕಿದ್ದರೆ ಬ್ಯಾಟರಿ ದೀಪ ಇದೆ. ಪಶ್ಚಿಮದ ಕಿಟಕಿಯ ಎದುರೂ ಟ್ರಾಲಿ ನಿಲ್ಲಬಾರದು, ಬಿಸಿಲಿಗೆ ಬಣ್ಣ, ರುಚಿ ಎರಡೂ ಮಾಸುತ್ತವೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಾಟಲಿಗಳು ಬೀಗದ ಕಪಾಟಿನಲ್ಲಿರಲಿ, ಅತಿಥಿಗಳು ಬಂದಾಗ ಮಾತ್ರ ಹೊರಬರಲಿ. ಮದ್ಯ ಕೊಳ್ಳಲು ಕರ್ನಾಟಕದಲ್ಲಿ 21 ತುಂಬಿರಬೇಕು; ಟ್ರಾಲಿಯ ಮುಂದೆ ನಿಂತ ಕಾಲೇಜು ಹುಡುಗರಿಗೂ ಅದೇ ಮಾತು.

ಕುಡಿಯದ ಮೂವರನ್ನು ಮರೆತ ಟ್ರಾಲಿ ನನಗೆ ಅರ್ಧ ಟ್ರಾಲಿಯಾಗಿಯೇ ಕಾಣುತ್ತದೆ. ಅವರ ಕೈಗೆ ಬಾಟಲಿ ಕೋಲಾ ಕೊಟ್ಟು ಮೂಲೆಗೆ ಕೂರಿಸುವುದು ಮರ್ಯಾದೆಯಲ್ಲ. ಪುನರ್ಪುಳಿ ಶರಬತ್ತು, ಸೊಗದೆ ಬೇರಿನ ಶರಬತ್ತು, ಎರಡನ್ನೂ ಚೆಂದದ ಗಾಜಿನ ಬಾಟಲಿಗೆ ತುಂಬಿ ವಿಸ್ಕಿಯ ಪಕ್ಕದಲ್ಲೇ ನಿಲ್ಲಿಸಿ. ಅಳತೆ ಅದೇ: 30 ಎಂ.ಎಲ್. ಶರಬತ್ತು, 120 ಸೋಡಾ, ಅದೇ ಎತ್ತರದ ಗ್ಲಾಸ್, ಅಷ್ಟೇ ಐಸ್, ಒಂದು ಚಿಟಿಕೆ ಉಪ್ಪು. 750 ಎಂ.ಎಲ್. ಬಾಟಲಿಗೆ 25 ಗ್ಲಾಸ್, ಮೂವರ ಒಂಬತ್ತು ಗ್ಲಾಸಿಗೆ ಖರ್ಚಾಗುವುದು 270 ಎಂ.ಎಲ್. ಪುನರ್ಪುಳಿಯ ಕೆಂಪು ಗ್ಲಾಸಿನೊಳಗೆ ನಿಂತಾಗ ಜಿನ್ ಕುಡಿಯುವವರೂ ಕೇಳಿ ಪಡೆಯುತ್ತಾರೆ, ಹಾಗಾಗಿ 500 ಎಂ.ಎಲ್. ಸಿದ್ಧವಿಟ್ಟುಕೊಳ್ಳಿ.

ಕೊನೆಯ ಬಾಬ್ತು ಟ್ರಾಲಿಯ ಮೇಲೆ ಕಾಣುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ವಾಹನ ಓಡಿಸಿದರೆ ಮೊದಲ ಸಲಕ್ಕೆ ₹10,000 ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆ ಸಂಜೆಯ ಮದ್ಯ ₹1,200, ಟಾನಿಕ್ ₹360, ನಿಂಬೆ ಐಸುಗಳಿಗೆ ₹300 ಹಿಡಿದರೆ ₹1,860. ಕುಡಿದ ಐವರನ್ನು ಮನೆ ಮುಟ್ಟಿಸಲು ಮೂರು ಟ್ಯಾಕ್ಸಿಗೆ ₹400ರಂತೆ ₹1,200 ಸೇರಿಸಿ, ₹3,060 ಎಂದು ಬರೆದುಕೊಂಡೇ ಅತಿಥಿಗಳನ್ನು ಕರೆಯಿರಿ.